ಜೂರಾಳ ನಿಯಮ

ನೀರು ಸೋರುತ್ತಿದ್ದ ಗೋಣಿಯನ್ನು ಎರಡೂ ಕೈಯಲ್ಲಿ ಎಳೆದುಕೊಂಡು ಜೂರಾ ಅಂಗಳಕ್ಕೆ ಬಂದಾಗ ತುರ್ದುಬೆಕ್ ಅಡ್ಡ ನಿಂತ.

“ಏನೇ ಇದು? ನನ್ನ ತಮ್ಮನ ಹೆಂಡ್ತಿ ಏನು ಬೆಣ್ಣೆ ಡಬ್ಬೀನಾ, ಒದ್ದೆ ಗೋಣಿ ಕಟ್ಟೋಕೆ?”

“ಆಚೆ ಸರೀರಿ ದೊಡ್ಡಪ್ಪಾ, ಕೈ ಬಿದ್ದುಹೋಗ್ತಿದೆ.”

ಅಂಗಳದ ನಡುವೆ ಶವ ಇಡಲೆಂದು ಎತ್ತಿದ ಉಣ್ಣೆಯ ಗುಡಾರ. ಅದರೊಳಗೆ, ಪರದೆಯ ಹಿಂದೆ, ಬುರುಲ್ ಟೀಚರ್ ಮಲಗಿದ್ದರು. ಸತ್ತು ಒಂದು ದಿನ ಕಳೆದಿತ್ತು. ಅವರ ಗಂಡ ಜಪಾರ್ ಕುರಿಮಂದೆಯೊಂದಿಗೆ ಮೇಲಿನ ಹುಲ್ಲುಗಾವಲಿನಲ್ಲಿದ್ದ. ಅಲ್ಲಿಗೆ ಫೋನು ಸಿಗುವುದಿಲ್ಲ. ಸವಾರನೊಬ್ಬ ನಿನ್ನೆಯೇ ಸುದ್ದಿ ಹೊತ್ತು ಹೋಗಿದ್ದ. ಜಪಾರ್ ಇಳಿದು ಬರಲು ಸಂಜೆಯಾದೀತು. ಜುಲೈ ಬಿಸಿಲಿಗೆ ಮಾತ್ರ ಯಾರ ಮೇಲೂ ಕರುಣೆಯಿಲ್ಲ.

“ಮಧ್ಯಾಹ್ನಕ್ಕೆ ಮಣ್ಣು ಮಾಡಿಬಿಡೋಣ,” ಎಂದ ತುರ್ದುಬೆಕ್. “ಮುಖ ಕೆಟ್ಟ ಮೇಲೆ ನನ್ನ ತಮ್ಮ ಬಂದು ಏನು ನೋಡ್ತಾನೆ?”

“ಕೆಡದ ಹಾಗೆ ನಾವು ನೋಡ್ಕೋತೀವಿ. ಬದುಕೆಲ್ಲ ಇವರು ಸ್ಕೂಲಲ್ಲಿ, ಅವರು ಬೆಟ್ಟದಲ್ಲಿ. ಬೇಸಿಗೆ ರಜೇಲಿ ಮೂರು ತಿಂಗಳು ಸಂಸಾರ. ಈ ವರ್ಷ ಮೊಣಕಾಲು ನೋವು ಅಂತ ಅದೂ ಇಲ್ಲ. ಕೊನೇ ಸಲ ಮುಖ ನೋಡ್ಲಿ, ದೊಡ್ಡಪ್ಪಾ.”

*

ಎಷ್ಟೋ ವರ್ಷಗಳ ಹಿಂದೆ, ಜೂರಾಳ ಮೂರನೇ ತರಗತಿ. ಶಾಲೆಯಲ್ಲಿ ಪ್ರಯೋಗದ ಸಾಮಾನು ಒಂದೂ ಇರಲಿಲ್ಲ. ದಿನಾ ಬೆಳಿಗ್ಗೆ ಬುರುಲ್ ಟೀಚರದು ಒಂದೇ ಪ್ರಶ್ನೆ: “ಇವತ್ತು ಮನೇಲಿ ಏನು ನೋಡಿದ್ರಿ?”

ಕೊನೆಯ ಬೆಂಚಿನ ಜೂರಾ ದಡ್ಡಿಯೆಂದೇ ಹೆಸರಾದವಳು. ಅವತ್ತು ಯಾಕೋ ಬಾಯಿಬಿಟ್ಟಳು. “ನಮ್ಮಜ್ಜಿ ಬೆಣ್ಣೆ ಡಬ್ಬೀಗೆ ಒದ್ದೆ ಗೋಣಿ ಸುತ್ತಿ ಹೊರಗಿಟ್ಳು. ಗಾಳಿ ಬರ್ಲಿಲ್ಲ. ಅಜ್ಜಿ ಬೈದ್ಳು.”

“ಯಾರನ್ನ?”

“ಗಾಳೀನ.”

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಟೀಚರ್ ನಗಲಿಲ್ಲ. ಎಲ್ಲರಿಗೂ ಒಂದೊಂದು ಕೈ ಒದ್ದೆ ಮಾಡಿಸಿ ಕಿಟಕಿಯ ಗಾಳಿಗೆ ಹಿಡಿಸಿದರು. ಯಾವ ಕೈ ತಣ್ಣಗಾಯಿತು ಎಂದು ಕೇಳಿದರು. ಆಮೇಲೆ ಹಲಗೆಯ ಮೇಲೆ ಬರೆದರು: ಜೂರಾಳ ನಿಯಮ. ನೀರು ಆರುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಗಾಳಿಯಿದ್ದರೆ ಇನ್ನೂ ಬೇಗ.

ಒದ್ದೆ ಬಟ್ಟೆ ಸುತ್ತಿದ ಪಾತ್ರೆ ಯಾಕೆ ತಣ್ಣಗಿರುತ್ತದೆ ಎಂಬ ಪ್ರಶ್ನೆ ಜಿಲ್ಲಾ ಪರೀಕ್ಷೆಯಲ್ಲೂ ಬಂತು. ಹದಿನೆಂಟು ಮಕ್ಕಳೂ ಉತ್ತರದಲ್ಲಿ ‘ಜೂರಾಳ ನಿಯಮ’ ಎಂದಷ್ಟೇ ಬರೆದು ಕೈಕಟ್ಟಿ ಕೂತರು. ಹದಿನೆಂಟು ಸೊನ್ನೆ. ಇನ್‌ಸ್ಪೆಕ್ಟರು ಓಡಿ ಬಂದರು.

“ಯಾರಮ್ಮ ಈ ಜೂರಾ? ಯಾವ ದೇಶದ ವಿಜ್ಞಾನಿ?”

“ಅಗೋ, ಮೂಗು ಒರೆಸ್ಕೋತಿದ್ದಾಳಲ್ಲ, ಅವಳೇ ಸಾರ್.”

ಟೀಚರಿಗೆ ಛೀಮಾರಿಯ ಪತ್ರ ಬಂತು. ಜೂರಾಳನ್ನು ಮಾತ್ರ ಆಮೇಲೆ ಯಾರೂ ದಡ್ಡಿ ಎನ್ನಲಿಲ್ಲ.

*

ಹೆಂಗಸರು ಗುಡಾರದ ಉಣ್ಣೆಯನ್ನು ಗಾಳಿ ಬೀಸುವ ಹೊಳೆಯ ಕಡೆಗೆ ಮೊಣಕಾಲೆತ್ತರ ಮೇಲಕ್ಕೆ ಮಡಿಸಿ, ಆ ಸಂದಿಗೆ ಗೋಣಿ ಇಳಿಬಿಟ್ಟರು.

“ಈ ಹುಚ್ಚು ಯಾರು ಕಲಿಸಿದ್ದು?” ತುರ್ದುಬೆಕ್ ಗೊಣಗಿದ.

ಸೌದೆ ಸೀಳುತ್ತಿದ್ದ ನರೆಗಡ್ಡದವನೊಬ್ಬ ತಲೆಯೆತ್ತಿದ. “ಜೂರಾಳ ನಿಯಮ, ದೊಡ್ಡಪ್ಪಾ. ಇದಕ್ಕೇ ನನಗೆ ಸೊನ್ನೆ ಬಿದ್ದಿದ್ದು.”

“ನನಗೂ,” ಎಂದಳು ಹಿಟ್ಟು ನಾದುತ್ತಿದ್ದವಳು. ಸಾವಿನ ಮನೆಯೆಂಬುದು ಮರೆತು ನಾಲ್ಕಾರು ಜನ ನಕ್ಕರು, ಮರುಕ್ಷಣ ಬಾಯಿ ಮುಚ್ಚಿಕೊಂಡರು. ಟೀಚರಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದರು ಎಂದು ಜೂರಾಳಿಗೆ ಅನಿಸಿತು.

ತುರ್ದುಬೆಕ್ ಬಗ್ಗಿ ಗೋಣಿಯ ಹಿಂದೆ ಕೈ ತೂರಿಸಿದ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ. ಎದ್ದವನು ಬಕೆಟ್ಟು ಹುಡುಕಿದ.

“ಸಂಜೇವರೆಗೆ. ಆಮೇಲೆ ಒಂದು ಗಳಿಗೇನೂ ಇಲ್ಲ.”

ಅವನೂ ಜೂರಾಳೂ ಸರದಿಯಲ್ಲಿ ಹೊಳೆಯಿಂದ ನೀರು ತಂದು ಗೋಣಿಗೆ ಸುರಿದರು.

ಬಿಸಿಲು ಓರೆಯಾದಾಗ ಜಪಾರನ ಕುದುರೆ ನೊರೆ ಕಾರುತ್ತ ಬಂತು. ಕೋಲೂರಿ ನಿಂತ ಗಂಡಸರು ರೂಢಿಯಂತೆ ದನಿಯೆತ್ತಿ ಅತ್ತರು. ಅವನು ಯಾರನ್ನೂ ನೋಡದೆ ಗುಡಾರ ಹೊಕ್ಕ. ಜೂರಾ ಪರದೆ ಸರಿಸಿದಳು.

“ನೋಡಿ ಚಿಕ್ಕಪ್ಪಾ, ಹಾಗೇ ಇದ್ದಾರೆ.”

ಅವನು ಮಂಡಿಯೂರಿ ಆ ಮುಖವನ್ನು ನೋಡಿದ. ಹೊದಿಕೆಯ ಕೆಳಗಿನಿಂದ ಹೆಂಡತಿಯ ಕೈ ತೆಗೆದುಕೊಂಡವನು ಬೆಚ್ಚಿದ.

“ಎಷ್ಟು ತಣ್ಣಗಿದೆಯಲ್ಲೇ...”

ಹೊರಗೆ ತುರ್ದುಬೆಕ್ ಹೊತ್ತಾಯಿತೆಂದು ಕೂಗಿದ. ಜಪಾರನಿಗೆ ಕೇಳಿಸಲಿಲ್ಲ. ಆ ಬೆರಳುಗಳನ್ನು ತನ್ನ ಒರಟು ಅಂಗೈಗಳ ನಡುವೆ ಇಟ್ಟು ತಿಕ್ಕಿದ. ಬಾಯಿಯ ಹತ್ತಿರ ತಂದು ಹಾ ಎಂದು ಬಿಸಿಯುಸಿರು ಬಿಟ್ಟ. ಮತ್ತೆ ತಿಕ್ಕಿದ, ಮತ್ತೆ ಬಿಟ್ಟ. ಗುಡಾರದಲ್ಲಿ ಅವನ ಉಸಿರಿನ ಸದ್ದೊಂದೇ ಉಳಿಯಿತು.