ಮಂತ್ರಕ್ಕೊಂದು ಗೇಟು

ಮಂತ್ರವಾದಿನಿಯೊಬ್ಬಳು ಸೂರ್ಯ ಹುಟ್ಟಿ ಮುಳುಗುವುದರೊಳಗೆ ಎಷ್ಟು ಬೆಂಕಿಯುಂಡೆ ಎಸೆಯಬಹುದು ಎಂಬುದು ಎರಡು ಸಾವಿರದ ಆರನೇ ಇಸವಿಯಲ್ಲಿ ಹೊಸಪೇಟೆಯ ಮುಂದಿದ್ದ ಅತಿ ಗಂಭೀರ ಪ್ರಶ್ನೆಯಾಗಿತ್ತು. ಊರಿನ ಉಳಿದವರು ಅದಿರು, ಟಿಪ್ಪರು, ಸೈಟಿನ ರೇಟು ಎಂದು ಚಿಲ್ಲರೆ ವಿಷಯಗಳಲ್ಲಿ ಮುಳುಗಿದ್ದುದರಿಂದ ಇದರ ಹೊಣೆಯೆಲ್ಲ ಕಂಪ್ಲಿಯ ಅಕ್ಕಿ ಗಿರಣಿಯ ಮನೋಹರನೊಬ್ಬನ ಹೆಗಲಿಗೆ ಬಿದ್ದಿತ್ತು.

ಆಟ ಬಂದದ್ದು ಹಂಪಿಯಿಂದ. ನದಿಯಾಚೆಯ ಗೆಸ್ಟ್‌ಹೌಸಿನಲ್ಲಿ ತಿಂಗಳುಗಟ್ಟಲೆ ಬಿದ್ದುಕೊಂಡಿದ್ದ ಪರದೇಶಿಯೊಬ್ಬ ಊರಿಗೆ ಹೊರಡುವಾಗ ದಪ್ಪನೆಯ ನಿಯಮದ ಪುಸ್ತಕವನ್ನೂ ಇಪ್ಪತ್ತು ಮುಖದ ದಾಳವನ್ನೂ ಮನೋಹರನಿಗೆ ಕೊಟ್ಟು ಹೋಗಿದ್ದ. ಒಬ್ಬನು ಗವಿಯನ್ನೂ ರಾಕ್ಷಸರನ್ನೂ ಮಾತಿನಲ್ಲೇ ಕಟ್ಟಬೇಕು, ಉಳಿದವರು ಅದರೊಳಗೆ ವೀರರಾಗಿ ನಡೆಯಬೇಕು, ಏಟು ಬಿತ್ತೋ ತಪ್ಪಿತೋ ದಾಳ ಹೇಳಬೇಕು. ಮನೋಹರ ಕಟ್ಟುವವನು. ಕಾಲೇಜಿನ ಗೆಳೆಯ ಬಸವಕುಮಾರ್ ಕತ್ತಿಯವನು. ಅವರ ಜೊತೆಗೇ ಬಿ.ಕಾಂ. ಮುಗಿಸಿದ ಬುಕ್ಕಸಾಗರದ ತ್ರಿವೇಣಿ ಮಂತ್ರವಾದಿನಿ. ಆಡುವ ಜಾಗ ಹೊಸಪೇಟೆಯಲ್ಲಿ ಮನೋಹರನ ಸೋದರತ್ತೆ ಜಂಬಮ್ಮನ ಮಹಡಿ. ಭಾನುವಾರ ಮಧ್ಯಾಹ್ನ, ಮಂಡಾಳು ಒಗ್ಗರಣೆ, ಮಿರ್ಚಿ ಸಮೇತ. ಪ್ರಾಯದ ಹುಡುಗ ಹುಡುಗಿ ಇಬ್ಬರೇ ಮಹಡಿಯಲ್ಲಿ ಕೂರುವಂತಿಲ್ಲ, ಮೂರನೆಯವರು ಇರಲೇಬೇಕು ಎಂಬುದು ಜಂಬಮ್ಮನ ಕಟ್ಟಳೆ. ಪುಸ್ತಕದಲ್ಲಿಲ್ಲದ, ಆದರೆ ಯಾವ ದಾಳಕ್ಕೂ ಬಗ್ಗದ ನಿಯಮ ಅದೊಂದೇ.

ಮೊದಮೊದಲು ಎಲ್ಲ ಸರಿಯಿತ್ತು. ಮಂತ್ರವಾದಿನಿ ಒಂದು ಕಿಡಿ ಹಾರಿಸಿ ಕತ್ತಿಯವನ ಬೆನ್ನ ಹಿಂದೆ ಅಡಗುತ್ತಿದ್ದಳು. ಆಟ ಬಲಿತಂತೆ ಕತ್ತಿಯವನ ತೋಳಿಗೆ ಬಲ ಬಂದರೆ ಅವಳಿಗೆ ಸಿಡಿಲೇ ಬಂತು. ಮನೋಹರ ವಾರವಿಡೀ ಗಿರಣಿಯ ಗದ್ದಲದಲ್ಲಿ ಕೂತು ಕಟ್ಟಿದ ಗವಿಯನ್ನು ಮಿರ್ಚಿ ಆರುವುದರೊಳಗೆ ಸುಟ್ಟು ಬೂದಿ ಮಾಡಿ, ದುಪಟ್ಟಾ ಸರಿಪಡಿಸಿಕೊಂಡು, ಮೊದಲು ಸಿಕ್ಕ ಬಸ್ಸು ಹತ್ತಿಬಿಡುತ್ತಿದ್ದಳು. ಅದಿರಿನ ಕೆಂಪು ಧೂಳಿನಲ್ಲಿ ಅವಳ ಕೊಡೆ ಕರಗುವವರೆಗೂ ಮನೋಹರ ಕಿಟಕಿಯಲ್ಲಿ ನಿಂತಿರುತ್ತಿದ್ದ. ಅವಳಿಗೆ ಹೇಳಬೇಕಾದ ಮಾತೊಂದು ಕಾಲೇಜಿನಿಂದಲೂ ಅವನಲ್ಲಿತ್ತು. ಅದಕ್ಕೊಂದು ಉದ್ದನೆಯ ಸಂಜೆ ಬೇಕಾಗಿತ್ತು.

ಬಸವಕುಮಾರನ ದುಃಖ ಬೇರೆ. “ಲೇ ಮನು, ಕತ್ತಿ ಹಿಡ್ಕೊಂಡು ಮಿರ್ಚಿ ತಿನ್ನಾಕ ನಾ ಇಲ್ಲಿಗೆ ಬರಬೇಕೇನು? ಅದನ್ನ ಬಂಡ್ರಿ ಹೋಟ್ಲದಾಗ ತಿಂತೀನಿ. ಹಿಂಗ ಆದ್ರ ನಾ ಬರಂಗಿಲ್ಲ ನೋಡು.”

ಕತ್ತಿಯವನು ಹೋದರೆ ಮಂತ್ರವಾದಿನಿಯೂ ಮಹಡಿ ಹತ್ತುವಂತಿಲ್ಲ. ಮನೋಹರ ನಿದ್ದೆಗೆಟ್ಟು ಪುಸ್ತಕ ಮಗುಚಿದ. ಅದನ್ನು ಬರೆದವರಿಗೂ ಈ ರೋಗಕ್ಕೆ ಮದ್ದು ಗೊತ್ತಿದ್ದಂತಿರಲಿಲ್ಲ. ಮದ್ದು ಸಿಕ್ಕಿದ್ದು ಕಂಪ್ಲಿಯ ಕಾಲುವೆ ಏರಿಯ ಮೇಲೆ. ನೀರು ಕಡಿಮೆಯಾದಾಗ ಮೇಲಿನ ಹೊಲದವರೇ ಎಲ್ಲ ಕುಡಿದುಬಿಡಬಾರದೆಂದು ಕಾಲುವೆ ಕಾಯುವ ಲಸ್ಕರ ಕೆಲವು ದಿನ ಗೇಟು ಎತ್ತುತ್ತಾನೆ, ಕೆಲವು ದಿನ ಇಳಿಸುತ್ತಾನೆ. ಆನ್ ಅಂಡ್ ಆಫ್. ಮನೋಹರ ಮಂತ್ರಕ್ಕೂ ಅದನ್ನೇ ಇಟ್ಟ: ಒಂದು ಕಾಳಗಕ್ಕೆ ಗೇಟು ತೆರೆದರೆ ಮುಂದಿನ ಎರಡಕ್ಕೆ ಬಂದ್.

ಬಸವಕುಮಾರನಿಗೆ ಕಣ್ಣು ತುಂಬಿ ಬರುವುದೊಂದೇ ಬಾಕಿ. ಅವರ ಹೊಲ ಕಾಲುವೆಯ ಕಟ್ಟಕಡೆಯಲ್ಲಿತ್ತು. ನೀರು ಕಾದು ಕಾದು ಅಪ್ಪ ಅದನ್ನು ಮಾರಿದ್ದ, ಮಗ ಟಿಪ್ಪರ್ ಕೊಂಡು ಸಂಡೂರಿನ ಅದಿರಿಗೆ ಬಿಟ್ಟಿದ್ದ. ಟೇಲೆಂಡಿಗೂ ಒಮ್ಮೆ ನೀರು ಬಂತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಆಟ ಈಗ ದೀಪ ಹಚ್ಚುವವರೆಗೂ ನಡೆಯತೊಡಗಿತು. ಮನೋಹರ ಬೇಡಿಕೊಂಡ ಉದ್ದನೆಯ ಸಂಜೆ ಬಂದೇ ಬಂತು. ತ್ರಿವೇಣಿ ಅದರ ತುಂಬ ಗಲ್ಲಕ್ಕೆ ಕೈ ಕೊಟ್ಟು ಕೂತಿರುತ್ತಿದ್ದಳು. ಅಂಥ ಮುಖಕ್ಕೆ ಎಂಥ ಮಾತು ಹೇಳುವುದು?

ಒಂದು ಭಾನುವಾರ ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳೇ ಹೇಳಿದಳು. “ವಾರೆಲ್ಲ ಅದಿರಿನ ಆಫೀಸಿನ್ಯಾಗ ಲಾರಿ ಟ್ರಿಪ್ ಶೀಟ್ ಟೈಪ್ ಮಾಡ್ತೀನಿ. ಯಾರೋ ಸಹಿ ಹಾಕಿದ್ರ ಗುಡ್ಡಕ್ಕ ಗುಡ್ಡನ ಎದ್ದು ಹೋಗ್ತೈತಿ. ನಾ ಹೇಳಿದ್ರ ಒಂದು ಕಪ್ ಚಾ ಬರಂಗಿಲ್ಲ. ಇಲ್ಲಿ ನಾ ಒಂದು ಮಾತು ಅಂದ್ರ ಕಲ್ಲು ಸರೀತಿತ್ತು. ಅದಕ್ಕ ಬರ್ತಿದ್ದೆ, ಮನೋಹರ. ಅದಕ್ಕೂ ಗೇಟ್ ಹಾಕಿದಿ.”

ತನಗಾಗಿ ಬರುತ್ತಿದ್ದಳೇನೋ ಎಂದು ಗುಟ್ಟಾಗಿ ನಂಬಿದ್ದವನಿಗೆ ಇದು ಎರಡು ಏಟು. ವಾರವಿಡೀ ಅವನು ಭತ್ತದ ಚೀಲಗಳ ನಡುವೆ ಮಂಕಾಗಿ ಓಡಾಡಿದ.

ಮುಂದಿನ ಭಾನುವಾರದ ಗವಿಯ ತುದಿಯಲ್ಲಿ ಕೆಂಪು ಗುಡ್ಡ, ಅದಕ್ಕೊಂದು ಕಬ್ಬಿಣದ ಬಾಗಿಲು, ಬಾಗಿಲಿಗೊಬ್ಬ ರಾಕ್ಷಸ. ಮಂತ್ರದ ಗೇಟು ಬಂದ್. ಬಸವಕುಮಾರ್ ಅಂಗಿಯ ತೋಳು ಮಡಚಿ, ದಾಳಕ್ಕೆ ಉಫ್ ಎಂದು ಊದಿ, ಇನ್ನೇನು ಎಸೆಯುವುದರಲ್ಲಿದ್ದ. ತ್ರಿವೇಣಿ ಕಿಟಕಿಯಾಚೆ ನೋಡುತ್ತಿದ್ದಳು.

“ತ್ರಿವೇಣಿ,” ಎಂದ ಮನೋಹರ, “ಗೇಟ್ ತೆಗೆದೀನಿ.”

“ಈಗ ಆಫ್ ಐತಲ್ಲೋ,” ಎಂದ ಬಸವಕುಮಾರ್.

“ತೆಗೆದೀನಿ.”

ಅವಳು ನೆಟ್ಟಗೆ ಕೂತಳು. ಅವಸರ ಮಾಡದೆ, ಒಂದೊಂದೇ ಅಕ್ಷರ ರುಚಿ ನೋಡುವವಳಂತೆ ಮಂತ್ರ ಹೇಳಿದಳು. ಗುಡ್ಡ ಬಾಯಿಬಿಟ್ಟಿತು, ರಾಕ್ಷಸ ಅದರೊಳಗೆ ಹೋದ. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಬಂತು. ನಕ್ಕದ್ದು ಗುಡ್ಡವನ್ನು ನೋಡಿ. ಆದರೂ ಮನೋಹರ ಅದನ್ನು ಕಣ್ಣು ಪಿಳುಕಿಸದೆ ನೋಡಿದ.

ಬಸವಕುಮಾರ್ ದಾಳವನ್ನು ಚಾಪೆಯ ಮೇಲಿಟ್ಟ. ಸಿಟ್ಟೇನೂ ಕಾಣಲಿಲ್ಲ. “ಕಾಲವಿ ಮ್ಯಾಲೂ ಹಿಂಗ ಆತು. ಲಸ್ಕರಗ ಬೇಕಾದೋರ ಹೊಲಕ್ಕ ನೀರು ಹೊಕ್ಕಿತು. ನಮ್ಮಪ್ಪ ನಿಂತು ನೋಡಿ ಬಂದ,” ಎಂದು ಎದ್ದು, ಕೆಳಗೆ ಹೋಗಿ ಜಂಬಮ್ಮನ ಹತ್ತಿರ ನೀರು ಇಸಿದುಕೊಂಡು ಕುಡಿದು, ಹೊರಟುಹೋದ.

ಮರುವಾರ ಅವನು ಬರಲಿಲ್ಲ. ಜಂಬಮ್ಮ ಮಹಡಿಗೆ ಬೀಗ ಹಾಕಿದ್ದಳು. ತ್ರಿವೇಣಿ ಕೆಳಗಿನ ಪಡಸಾಲೆಯಲ್ಲಿ ನಿಂತೇ ಒಂದು ಲೋಟ ಮಜ್ಜಿಗೆ ಕುಡಿದು ಬುಕ್ಕಸಾಗರಕ್ಕೆ ಹೋದಳು. ಆಟ ನಿಂತಿತು.