ಹಿಂದಿನ ಗೂಡಿನ ಚಿಲಕ

ಸೀನಪ್ಪ ಇಪ್ಪತ್ತಾರು ವರ್ಷ ಚಿನ್ನದ ಗಣಿಯಲ್ಲಿ ಕೇಜಿನ ಬಾಗಿಲು ಹಾಕಿದವನು. ಆಳುಗಳನ್ನು ನೆಲದೊಳಕ್ಕೆ ಇಳಿಸುವ ಆ ಕಬ್ಬಿಣದ ಪೆಟ್ಟಿಗೆಯ ಚಿಲಕ ಒಂದು ಸಲ ಸರಿಯಾಗಿ ಬೀಳದಿದ್ದರೆ ಏನಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಷ್ಟು ವರ್ಷಗಳಲ್ಲಿ ತನ್ನ ಕೈಯಿಂದ ಒಂದು ಚಿಲಕವೂ ತಪ್ಪಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಹೆಂಡತಿ ತೀರಿಹೋಗಿದ್ದಳು, ಎದೆಯಲ್ಲಿ ಗಣಿಯ ಧೂಳು ಕೂತು ಕೆಮ್ಮು ಹಿಡಿದಿತ್ತು. ಹೇಳಿಕೊಳ್ಳಲು ಅವನಿಗೆ ಉಳಿದಿದ್ದದ್ದು ಇದೊಂದೇ. ಅದನ್ನೂ ಅನಸೂಯ ಕಿತ್ತುಕೊಂಡಳು.

ಗಣಿ ಬಿಟ್ಟ ಮೇಲೆ ಸೀನಪ್ಪ ಡಾಕ್ಟರ್ ಕುಪ್ಪುಸ್ವಾಮಿಯವರ ದನದಾಸ್ಪತ್ರೆಗೆ ಬಂದು ಸೇರಿದ್ದ. ಡಾಕ್ಟರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಚಾಂಪಿಯನ್ ರೀಫ್ಸಿನಲ್ಲಿ ಗಣಿಯಾಳುಗಳ ಲೈನ್ ಮನೆಗಳ ಕೊನೆಯಲ್ಲಿ ತಗಡು ಹೊದಿಸಿದ ಎರಡು ಕೋಣೆ ಹಿಡಿದು ಸ್ವಂತ ಆಸ್ಪತ್ರೆ ಇಟ್ಟಿದ್ದರು. ಬೆಳಿಗ್ಗೆ ಎಂಟಕ್ಕೆಲ್ಲ ಮುಂದಿನ ಹೊಂಗೆ ಮರದಡಿ ಜನ ಸೇರುತ್ತಿತ್ತು. ಹಳ್ಳಿ ಕಡೆಯಿಂದ ಕೆಚ್ಚಲು ಬಾತ ಹಸು, ಲೈನಿನಿಂದ ಕುಂಟುವ ಮೇಕೆ, ಬಂಗಲೆಯಿಂದ ಕೆಮ್ಮುವ ಪಾಮೇರಿಯನ್. ಕನ್ನಡ, ತಮಿಳು, ತೆಲುಗು ಎಲ್ಲ ಕಲೆಸಿ ಮಾತು. ಮಧ್ಯದಲ್ಲಿ ಇಡ್ಲಿ ಮಾರುವ ಮಾರಿಯಮ್ಮನ ಕುಕ್ಕೆ.

ಅನಸೂಯ ಕ್ಯಾಸಂಬಳ್ಳಿಯಿಂದ ಮೊದಲನೇ ಬಸ್ಸಿಗೆ ಬರುವವಳು. ಹತ್ತೊಂಬತ್ತು ವರ್ಷ. ತಾಯಿ ಹಾಸಿಗೆ ಹಿಡಿದಾಗ ಏಳನೇ ಕ್ಲಾಸಿಗೇ ಸ್ಕೂಲು ಬಿಡಿಸಿ ಹಸುಗಳ ಹತ್ತಿರ ಬಿಟ್ಟಿದ್ದರು. ತಾಯಿ ಎದ್ದು ಓಡಾಡುವಂತಾದರೂ ಅವಳು ಸ್ಕೂಲಿಗೆ ತಿರುಗಿ ಹೋಗಲಿಲ್ಲ. ಆಸ್ಪತ್ರೆಯಲ್ಲಿ ಕಸ ಗುಡಿಸಿ, ಗೂಡು ತೊಳೆದು, ಸೂಜಿ ಕುದಿಸಿ ಕೊಡುತ್ತಿದ್ದಳು. ಜನರ ಮುಂದೆ ಬಾಯಿ ಬರುತ್ತಿರಲಿಲ್ಲ. ಕರುವಿನ ಕಿವಿಯಲ್ಲಿ ಮಾತ್ರ ಏನೇನೋ ಹೇಳುತ್ತಿದ್ದಳು.

ಒಂದು ಸೋಮವಾರ ಸಂಜೆ, ನಲ್ಲಿ ಹತ್ತಿರ ಬೀದಿನಾಯಿಯೊಂದು ಮಾರಿಯಮ್ಮನ ಕಾಲಿನ ಮೀನಖಂಡಕ್ಕೆ ಬಾಯಿ ಹಾಕಿತು. ಲೈನಿನವರು ದೊಣ್ಣೆ ಹಿಡಿದು ಅಟ್ಟಿಸಿಕೊಂಡು ಹೋದರು. ಡಾಕ್ಟರು ಓಡಿಬಂದು ಅಡ್ಡ ನಿಂತರು.

"ಕೊಂದರೆ ಏನೂ ಗೊತ್ತಾಗಲ್ಲ. ಹಿಡಿದು ಕೂಡಿ ಹಾಕಿ. ಹತ್ತು ದಿನ ನೆಟ್ಟಗಿದ್ದರೆ ಹುಚ್ಚಿಲ್ಲ ಅಂತ ಅರ್ಥ, ಮಾರಿಯಮ್ಮನಿಗೆ ಸೂಜಿ ಬೇಡ. ಸತ್ತರೆ, ಇಲ್ಲಾ ತಪ್ಪಿಸಿಕೊಂಡರೆ, ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ."

ನಾಯಿಯನ್ನು ಹಿಂದಿನ ಗೂಡಿಗೆ ಹಾಕಿದರು. ಕಂದು ಬಣ್ಣ, ಗಂಟಲಡಿ ಬಿಳಿ. ಆ ಲೈನಿನಲ್ಲಿ ಅಂಥವು ಏಳೆಂಟು ಇದ್ದವು, ಎಲ್ಲ ಒಂದೇ ತಾಯಿಯ ಸಂತಾನ. ಸೀನಪ್ಪ ಕಟ್ಟಪ್ಪಣೆ ಮಾಡಿದ. "ಒಳೀಕೆ ಕಾಲಿಡಬ್ಯಾಡ ಕಣಮ್ಮ ಅನಸೂಯಾ. ಜಾಲರಿ ಆಚೆಯಿಂದ್ಲೇ ನೀರು ಉಯ್ಯಿ, ಆಚೆಯಿಂದ್ಲೇ ಅನ್ನ ತಳ್ಳು. ಬಾಗ್ಲು ನಂದು."

ನಾಲ್ಕು ದಿನ ಅವಳು ಹಾಗೇ ಮಾಡಿದಳು. ನಾಯಿ ಬೊಗಳಲಿಲ್ಲ, ಜೊಲ್ಲು ಸುರಿಸಲಿಲ್ಲ. ಅವಳು ಬಂದರೆ ಬಾಲ ನೆಲಕ್ಕೆ ಬಡಿಯುತ್ತಿತ್ತು. ಶುಕ್ರವಾರ ಅವಳಿಗೆ ತಡೆಯಲಾಗಲಿಲ್ಲ. ಚಿಲಕ ತೆಗೆದು ಒಳಗೆ ಹೋದಳು. ಗಲೀಜು ಬಾಚಿ, ನಾಯಿಯ ಮೈಮೇಲೂ ಎರಡು ಚೊಂಬು ನೀರು ಹುಯ್ದಳು. ಮನೆಯಲ್ಲಿ ಹೊಸ ಕರುವಿಗೆ ಗೆಜ್ಜೆ ಕಟ್ಟುವ ಹಾಗೆ, ತನ್ನ ಜಡೆಯ ಕೆಂಪು ಟೇಪು ಬಿಚ್ಚಿ ಅದರ ಒದ್ದೆ ಕುತ್ತಿಗೆಗೆ ಕಟ್ಟಿದಳು. ಅದು ನೆಟ್ಟಗೆ ಕೂತು, ದೃಷ್ಟಿ ತೆಗೆಸಿಕೊಳ್ಳುವ ಮದುವಣಗಿತ್ತಿಯ ಹಾಗೆ ಕಟ್ಟಿಸಿಕೊಂಡಿತು.

ಅಷ್ಟರಲ್ಲಿ ಮುಂದಿನಿಂದ ಒಂದು ದನಿ ಬಂತು. "ಇಲ್ಲಿ ಅನಸೂಯ ಅಂತ ಒಬ್ಬಳು ಕೆಲಸ ಮಾಡ್ತಾಳಂತಲ್ಲ, ನಾನು ಅವಳ ಜೊತೆ ಓದಿದವಳು."

ಸರಸ್ವತಿ! ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಈಗ ಅವಳು ಕೋಲಾರದಲ್ಲಿ ಟೀಚರ್ ಟ್ರೈನಿಂಗ್ ಮಾಡುತ್ತಿದ್ದಾಳೆಂದು ಊರಲ್ಲೆಲ್ಲ ಸುದ್ದಿ. ಸಂದಿಯಿಂದ ಇಣುಕಿದರೆ ಇಸ್ತ್ರಿ ಮಾಡಿದ ಸೀರೆ, ಕೈಗಡಿಯಾರ, ಬುಟ್ಟಿಯಲ್ಲಿ ಬೆಕ್ಕಿನ ಮರಿ. ಅನಸೂಯಳ ಕೈಯಲ್ಲಿ ನಾಯಿಯ ಗಲೀಜಿನ ಬಕೆಟ್ಟು, ಎತ್ತಿ ಕಟ್ಟಿದ ಲಂಗ, ಬಿಚ್ಚಿದ ಜಡೆ. ಬಕೆಟ್ಟನ್ನು ಅಲ್ಲೇ ಕುಕ್ಕಿ, ಗೂಡಿನಿಂದ ಹೊರಬಂದು ಬಾಗಿಲು ದೂಡಿ, ಮೂಟೆ ಇಡುವ ಕೋಣೆಗೆ ಓಡಿ ಹಿಂಡಿ ಚೀಲದ ಹಿಂದೆ ಕೂತಳು. "ಈಗಿನ್ನೂ ಇಲ್ಲೇ ಇದ್ಲಲ್ಲಾ" ಎಂದು ಸೀನಪ್ಪ ಹುಡುಕುವುದು ಕೇಳಿಸಿತು. ಸರಸ್ವತಿ ಬಹಳ ಹೊತ್ತು ಕಾದು ಹೋದಳು.

ಅನಸೂಯ ಹೊರಬಂದಾಗ ಗೂಡಿನ ಬಾಗಿಲು ಗಾಳಿಗೆ ಆಡುತ್ತಿತ್ತು.

ಡಾಕ್ಟರು ಬೈಯುವವರಲ್ಲ. "ಬಾಗಿಲು ಯಾರದು?" ಎಂದಷ್ಟೇ ಕೇಳಿದರು.

"ನಂದೇ ಸಾರ್" ಎಂದ ಸೀನಪ್ಪ. "ಬೆಳಿಗ್ಗೆ ಇಣುಕಿ ನೋಡಿ ಆಕಿದ್ದೆ ಅಂತ ಗ್ಯಾನ." ಚಿಲಕವನ್ನು ಮುಟ್ಟಿ ನೋಡಿ, "ಆಕಿದ್ನೋ ಇಲ್ವೋ" ಎಂದ.

ಅನಸೂಯ ಅಲ್ಲೇ ಇದ್ದಳು, ಎರಡು ಮೊಳ ದೂರದಲ್ಲಿ. ಹೇಳಬೇಕೆಂದು ಬಾಯಿ ತೆರೆದಳು. ಹೇಳಿದರೆ ಒಳಗೆ ಯಾಕೆ ಹೋದೆ ಅನ್ನುತ್ತಾರೆ, ಓಡಿದ್ದೇಕೆ ಅನ್ನುತ್ತಾರೆ. ಗೆಳತಿಗೆ ಮುಖ ತೋರಿಸಲಾಗದೆ ಹಿಂಡಿ ಚೀಲದ ಹಿಂದೆ ಕೂತಿದ್ದೆ ಎಂದು ಎಲ್ಲರ ಮುಂದೆ ಹೇಗೆ ಹೇಳುವುದು? ಬಾಯಿ ಮುಚ್ಚಿದಳು.

ಶನಿವಾರದಿಂದ ಮಾರಿಯಮ್ಮನಿಗೆ ಸೂಜಿ ಶುರುವಾಯಿತು. ಪ್ರತಿ ಬೆಳಿಗ್ಗೆ ದೊಡ್ಡಾಸ್ಪತ್ರೆಗೆ ಹೋಗಿ, ಹೊಟ್ಟೆ ಹಿಡಿದುಕೊಂಡು ಬಗ್ಗಿ ನಡೆಯುತ್ತಾ ಬಂದು ಹೊಂಗೆ ಮರದಡಿ ಇಡ್ಲಿ ಕುಕ್ಕೆ ಇಳಿಸುತ್ತಿದ್ದಳು.

"ಅಯ್ಯೋ ಸಾಮಿ, ಒಕ್ಕಳ ಸುತ್ತ ಗಂಟು ಗಂಟು ಕಣ್ರೀ, ಇಡ್ಲಿ ಬೇಯ್ಸಿ ಜೋಡ್ಸಿದಂಗೆ! ಅದ್ನಾಕು ಮುಗಿಯೋವೊತ್ಗೆ ನಾಯಿ ಬ್ಯಾಡ, ನಾನೇ ಬೊಗಳ್ತೀನಿ."

ಜನ ನಗುತ್ತಿದ್ದರು. ಅವಳು ಸೀನಪ್ಪನ ಕಡೆ ತಿರುಗುತ್ತಿದ್ದಳು. "ಯೋವ್ ಕೇಜು ಸೀನಪ್ಪಾ! ಗಣೀಲಿ ಆಳುಗಳ್ನ ಇಂಗೇ ಇಳಿಸ್ತಿದ್ಯಾ? ಅವ್ರ ಪುಣ್ಯ ದೊಡ್ದು ಬಿಡು, ಬದುಕಿ ಮ್ಯಾಕೆ ಬಂದವ್ರೆ!"

ಮೊದಲಾಗಿದ್ದರೆ ಸೀನಪ್ಪ ಒಂದಕ್ಕೆರಡು ತಿರುಗಿಸಿ ಕೊಡುತ್ತಿದ್ದ. ಈಗ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದ. ಕೋಳಿ ಗೂಡಿನ ಚಿಲಕ ಹಾಕಿ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಮುಟ್ಟಿ ನೋಡುತ್ತಿದ್ದ. ಮತ್ತೆ ಹೋಗಿ ಮತ್ತೆ ಬರುತ್ತಿದ್ದ. ಒಂದು ಮಧ್ಯಾಹ್ನ ಖಾಲಿ ಗೂಡಿನ ಮುಂದೆ ನಿಂತು, ತನ್ನ ಬಲಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಅದನ್ನು ಕಂಡ ದಿನ ಅನಸೂಯ ತಾನು ತಂದ ಮುದ್ದೆಯನ್ನು ಒಂದು ಮೇಕೆಗೆ ಹಾಕಿದಳು.

ಹೇಳುವುದರ ಬದಲು ಅವಳು ಬೇರೆ ಬೇರೆ ಮಾಡಿದಳು. ಮಾರಿಯಮ್ಮ ಬರುವ ಹೊತ್ತಿಗೆ ಬೇರಿನ ಮೇಲೆ ಗೋಣಿಚೀಲ ಮಡಿಸಿ ಹಾಸಿಡುತ್ತಿದ್ದಳು, ಕುಕ್ಕೆ ಇಳಿಸಿಕೊಳ್ಳುತ್ತಿದ್ದಳು. "ನನ್ನ ಎತ್ತ ಮಗಳು ಮಾಡ್ಲಿಲ್ಲ ಕಣ್ ಪಾಪಾ ಇಷ್ಟು" ಎಂದು ಮಾರಿಯಮ್ಮ ಅವಳ ಕೆನ್ನೆ ಸವರಿದಳು. ಆ ಕೈ ತಾಗಿದ ಜಾಗ ಸಂಜೆಯವರೆಗೂ ಉರಿಯುತ್ತಿತ್ತು.

ಮುಂದಿನ ಶುಕ್ರವಾರ, ಏಳನೇ ಸೂಜಿಯ ದಿನ, ಡಾಕ್ಟರು ಒಂದು ಮೇಕೆಯ ಕಣ್ಣಿನ ಔಷಧಿ ಕೊಟ್ಟು ಬರಲು ಅವಳನ್ನು ಮಾರಿಕುಪ್ಪಂಗೆ ಕಳಿಸಿದರು. ಕೊಟ್ಟು ಸ್ಟೇಷನ್ನಿನ ಪಕ್ಕ ಬರುವಾಗ ಟೀ ಅಂಗಡಿಯ ಬೆಂಚಿನ ಕೆಳಗೆ ಏನೋ ಕೆಂಪಗೆ ಕಂಡಿತು. ಟೇಪು. ಟೇಪಿನೊಳಗೆ ನಾಯಿ. ಯಾರೋ ಎಸೆದ ಬನ್ನು ತಿಂದು, ಮೋರಿಯ ಪಕ್ಕದ ಗುಂಡಿಯಲ್ಲಿ ಲಪಲಪನೆ ನೀರು ಕುಡಿದು, ಅವಳನ್ನು ಕಂಡು ಮೈಯೆಲ್ಲ ಬಾಲವಾಗಿ ಓಡಿಬಂತು.

ಹನ್ನೊಂದನೇ ದಿನ. ನಾಯಿ ಬದುಕಿದೆ. ನೀರು ಕುಡಿಯುತ್ತಿದೆ. ಮಾರಿಯಮ್ಮನಿಗೆ ಇನ್ನು ಸೂಜಿ ಬೇಕಿಲ್ಲ!

ಟೀ ಅಂಗಡಿಯಲ್ಲಿ ಒಂದು ಹಗ್ಗ ಬೇಡಿ ನಾಯಿಗೆ ಹಾಕಿ ಹೊರಟಳು. ಅರ್ಧ ದಾರಿ ಬರುವ ಹೊತ್ತಿಗೆ ಅವಳ ಹೆಜ್ಜೆ ಸಣ್ಣದಾಯಿತು. ಟೇಪನ್ನು ಯಾರು ನೋಡಿದರೂ ಕೇಳುತ್ತಾರೆ. ಗಣಿಯ ಮಣ್ಣು ರಾಶಿ ಬಿದ್ದ ಸೈನೈಡ್ ದಿಬ್ಬದ ಮರೆಗೆ ಹೋಗಿ, ಆಚೀಚೆ ನೋಡಿ, ಗಂಟು ಬಿಚ್ಚಿ ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಾಯಿ ಸಿಕ್ಕಿತು ಅಂದರೆ ಸಾಕಲ್ಲ. ಮಿಕ್ಕಿದ್ದು ಯಾರಿಗೆ ಬೇಕು?

ಹೊಂಗೆ ಮರದಡಿ ಹತ್ತು ಜನ ಇದ್ದರು. ಮಾರಿಯಮ್ಮ ಗೋಣಿಯ ಮೇಲೆ ಕೂತಿದ್ದಳು. "ಇದೇ ಸಾರ್, ಆ ನಾಯಿ" ಎಂದಳು ಅನಸೂಯ. ಅಷ್ಟು ಜನರ ಮುಂದೆ ಅವಳು ದನಿ ಎತ್ತಿದ್ದು ಅದೇ ಮೊದಲು.

ಡಾಕ್ಟರು ಕನ್ನಡಕ ಏರಿಸಿ ನಾಯಿಯ ಕಣ್ಣು, ಬಾಯಿ ಎಲ್ಲ ನೋಡಿದರು. "ಇದೇ ಇರಬಹುದು. ಇದರ ಅಣ್ಣತಮ್ಮಂದಿರಲ್ಲಿ ಒಂದೂ ಇರಬಹುದು. 'ಇರಬಹುದು' ಅಂತ ನಾನು ಚೀಟಿ ಬರೆಯೋಕಾಗಲ್ಲ ಅನಸೂಯ. ಸೂಜಿ ನಿಲ್ಲಿಸಿ, ನಾಯಿ ಬೇರೆಯಾದರೆ ಮಾರಿಯಮ್ಮ ಹೋಗ್ತಾಳೆ. ನೀನೇನಂತೀಯ ಸೀನಪ್ಪ?"

"ನನ್ನ ಕೇಳ್ಬ್ಯಾಡಿ ಸಾರ್" ಎಂದ ಸೀನಪ್ಪ. "ನಂಗೆ ಈಗ ಯಾವ್ದೂ ನೆಪ್ಪಿರಲ್ಲ."

"ಅಂಗಾರೆ ಇನ್ನೇಳು ಚುಚ್ಚಿಸ್ಕೊಳ್ಳೋದೇಯ" ಎಂದು ಮಾರಿಯಮ್ಮ ಹೊಟ್ಟೆ ಹಿಡಿದು ಏಳಲು ಹೋದಳು. ಈ ಸಲ ಅವಳು ತಮಾಷೆ ಮಾಡಲಿಲ್ಲ.

ಡಾಕ್ಟರು ನಾಯಿಯ ಗದ್ದ ಎತ್ತಿದರು. "ಇದೇನು, ಗಂಟಲ ಸುತ್ತ ಕೆಂಪಗೆ? ಗಾಯವಾ?"

ಬಿಳಿ ಕೂದಲ ಮೇಲೆ ಬೆರಳಗಲದ ಕೆಂಪು ಪಟ್ಟೆ. ಒದ್ದೆ ಕುತ್ತಿಗೆಯ ಮೇಲೆ ಟೇಪು ಬಣ್ಣ ಬಿಟ್ಟಿತ್ತು. ಬಿಚ್ಚುವಾಗ ಅವಳು ಅದನ್ನು ನೋಡಿರಲೇ ಇಲ್ಲ.

ಅನಸೂಯ ಒಂದು ಹೆಜ್ಜೆ ಮುಂದೆ ಬಂದಳು. ಸೊಂಟದಿಂದ ಟೇಪು ತೆಗೆದಳು.

"ಗಾಯ ಅಲ್ಲ ಸಾರ್. ಇದರ ಬಣ್ಣ. ನಾನು ಕಟ್ಟಿದ್ದೆ. ಆವತ್ತು, ಗೂಡಿನ ಒಳಗೆ ಓಗಿ." ನೆಲ ನೋಡುತ್ತಲೇ ಹೇಳಿದಳು. "ಇವಾಗ ಬರೋವಾಗ ಬಿಚ್ಚಿ ಬಚ್ಚಿಟ್ಕೊಂಡೆ. ಚಿಲ್ಕ ಸೀನಪ್ಪ ತಾತ ಆಕಿದ್ರು. ತೆಗೆದೋಳು ನಾನು. ಸ್ಕೂಲಿನ ಗೆಳತಿ ಬಂದ್ಲು ಅಂತ ನಾಚ್ಕೆಯಾಗಿ ಓಡೋಗಿ ಬಚ್ಚಿಟ್ಕೊಂಡೆ. ತಿರುಗಿ ಆಕ್ಲಿಲ್ಲ."

ಒಂದು ಮೇಕೆ ಅರಚಿತು. ಡಾಕ್ಟರು ಟೇಪನ್ನು ನಾಯಿಯ ಕುತ್ತಿಗೆಯ ಪಟ್ಟೆಯ ಮೇಲಿಟ್ಟು ನೋಡಿದರು, ಸರಿಯಾಗಿ ಕೂತಿತು. ಅವಳ ಎರಡೂ ಕೈ ತಿರುಗಿಸಿ ಪರಚಿದ ಗುರುತಿದೆಯಾ ಎಂದು ಪರೀಕ್ಷೆ ಮಾಡಿದರು. ಆಮೇಲೆ, ಮಾರಿಯಮ್ಮನಿಗೆ ಇನ್ನು ಸೂಜಿ ಬೇಡ ಎಂದು ದೊಡ್ಡಾಸ್ಪತ್ರೆಗೆ ಚೀಟಿ ಬರೆಯಲು ಒಳಗೆ ಹೋದರು.

ಮಾರಿಯಮ್ಮ ಅವಳನ್ನೇ ನೋಡುತ್ತಿದ್ದಳು. "ಏಳು ಸೂಜಿ, ಪಾಪಾ" ಎಂದಳು ಮೆಲ್ಲಗೆ. ಆಮೇಲೆ ಕೆಳಗೆ ನೋಡಿ, "ಅದ್ಕಾ ಗೋಣಿ ಆಸ್ತಿದ್ದಿದ್ದು?"

"ಊಂ."

ಮಾರಿಯಮ್ಮ ಗೋಣಿಯಿಂದ ಸರಿದು ಬರೀ ಬೇರಿನ ಮೇಲೆ ಕೂತಳು.

ಸೀನಪ್ಪ ಬೈಯುತ್ತಾನೆ ಎಂದು ಅನಸೂಯ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು, "ಅಂಗಾರೆ ನಾನು ಆಕಿದ್ದೆ" ಎಂದ. ಕೆಮ್ಮಿ, ಮತ್ತೆ, "ಆಕಿದ್ದೆ ನಾನು" ಎಂದ. ಅವಳ ಮುಖ ಸಹ ನೋಡದೆ ಕೋಳಿ ಗೂಡಿನ ಕಡೆ ನಡೆದು, ಚಿಲಕವನ್ನು ಒಂದೇ ಸಲ ತಳ್ಳಿ, ಹಿಂದಿರುಗದೆ ಹೋಗಿಬಿಟ್ಟ.

ಮಾರಿಯಮ್ಮ ಇಡ್ಲಿ ತರುವುದನ್ನು ನಿಲ್ಲಿಸಲಿಲ್ಲ. ಅನಸೂಯಳಿಗೂ ಎಲೆಯಲ್ಲಿ ಎರಡು ಇಡುತ್ತಿದ್ದಳು. ಪಾಪಾ ಎನ್ನುತ್ತಿರಲಿಲ್ಲ. ಕೆಂಪು ಪಟ್ಟೆಯ ನಾಯಿ ಮಾತ್ರ ಅವಳ ಕುಕ್ಕೆಯ ಪಕ್ಕದಲ್ಲೇ ಠಿಕಾಣಿ ಹೂಡಿತು. ಕಚ್ಚಿಸಿಕೊಂಡವರ ಮನೆಯಲ್ಲೇ ಅನ್ನ ಎಂದು ಜನ ನಗುತ್ತಿದ್ದರು.

ಮುಂದಿನ ಬುಧವಾರ ಅನಸೂಯ ಹಿಂದಿನ ಗೂಡು ತೊಳೆಯುತ್ತಿದ್ದಳು. ಅದರಲ್ಲಿ ಕಾಲು ಮುರಿದ ಒಂದು ಕುರಿ ಇತ್ತು. ಮುಂದಿನಿಂದ ಬೆಕ್ಕಿನ ಮರಿಯ ದನಿ, ಹಿಂದೆಯೇ ಸರಸ್ವತಿಯ ದನಿ ಕೇಳಿಸಿತು. "ಇವತ್ತಾದರೂ ಇದ್ದಾಳಾ ಅವಳು?"

ಅನಸೂಯಳ ಕಾಲು ತಾನಾಗಿ ಮೂಟೆಯ ಕೋಣೆಯ ಕಡೆ ತಿರುಗಿತು. ಬಕೆಟ್ಟು ಕೈಯಲ್ಲೇ ಇತ್ತು, ಲಂಗ ಎತ್ತಿ ಕಟ್ಟಿತ್ತು. ಆಚೆ ಸೀನಪ್ಪ ಉತ್ತರವನ್ನು ಅನಸೂಯಳಿಗೇ ಬಿಟ್ಟು ಬೆಕ್ಕಿನ ಬುಟ್ಟಿ ಇಸಿದುಕೊಂಡ.

ಅವಳು ಗೂಡಿನಿಂದ ಹೊರಬಂದು ಬಾಗಿಲೆಳೆದು ಚಿಲಕ ಹಾಕಿದಳು. ಎಳೆದು ನೋಡಿದಳು. ಮತ್ತೊಮ್ಮೆ ಎಳೆದು ನೋಡಿದಳು. ಆಮೇಲೆ ಬಕೆಟ್ಟು ಹಿಡಿದುಕೊಂಡೇ, ತಲೆ ಎತ್ತಲಾಗದೆ, ಅಲ್ಲೇ ನಿಂತು, "ಇದ್ದೀನಿ" ಎಂದಳು.