ಇಲ್ಲ ಅನ್ನಲಾರದ ಅಧ್ಯಕ್ಷ

ಬಸವಂತನ ಬಾಯಲ್ಲಿ ‘ಇಲ್ಲ’ ಎಂಬ ಮಾತು ಹುಟ್ಟಿದಾಗಿನಿಂದ ಬಂದದ್ದೇ ಇಲ್ಲ. ರಾಯಬಾಗ ತಾಲೂಕಿನ ಆ ಊರಲ್ಲಿ ಯಾರು ಸತ್ತರೂ ಮೊದಲು ಹೆಗಲು ಕೊಡುವವನು ಅವನೇ. ಯಾರ ಮನೆಯ ಮದುವೆಯಾದರೂ ಸಾರಿನ ಬಕೆಟ್ ಹಿಡಿದು ಪಂಕ್ತಿಯಲ್ಲಿ ಓಡಾಡುವವನೂ ಅವನೇ. ಇಂಥವನು ಪಂಚಾಯಿತಿ ಚುನಾವಣೆಗೆ ನಿಂತರೆ ಸೋಲುತ್ತಾನೆಯೇ? ಹಳೆಯ ಅಧ್ಯಕ್ಷ ಅಣ್ಣಾಸಾಬರಿಗೆ ಮಣ್ಣು ಮುಕ್ಕಿಸಿದ. ಸದಸ್ಯರೆಲ್ಲ ಸೇರಿ ಅವನನ್ನೇ ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದರು. ಆವತ್ತು ಗುಲಾಲಿನಲ್ಲಿ ಅವನ ಕಿವಿ ಕೂಡ ಕಾಣುತ್ತಿರಲಿಲ್ಲ.

ಬೇಸಿಗೆ ಬಂತು. ಊರ ನೀರಿನ ಟಾಕಿಯಲ್ಲಿ ದಿನಕ್ಕೆ ಒಂದು ಓಣಿಗೆ ಸಾಲುವಷ್ಟೇ ನೀರು. ಅಣ್ಣಾಸಾಬರ ಕಾಲದಲ್ಲಿ ಒಂದು ದಿನ ಮೇಲಿನ ಓಣಿಗೆ, ಮರುದಿನ ಕೆಳಗಿನ ಓಣಿಗೆ ಬಿಡುತ್ತಿದ್ದರು. ಈಗ ಮೇಲಿನ ಓಣಿಯವರು ಬಂದು ದಿನಾ ನೀರು ಬೇಕು ಅಂದರು. “ಆತು ತಗೋರಿ,” ಅಂದ ಬಸವಂತ. ಕೆಳಗಿನ ಓಣಿಯವರೂ ಬಂದರು. ಅವರಿಗೂ “ಆತು ತಗೋರಿ.” ನೀರು ಬಿಡುವ ಜಕ್ಕಪ್ಪ ಅಧ್ಯಕ್ಷರ ಮಾತಿನಂತೆ ಎರಡೂ ವಾಲ್ವ್ ತಿರುಗಿಸಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಾಯಿತು. ಕೆಳಗಿನ ಓಣಿಗೆ ಬೆರಳಿನಷ್ಟು ಧಾರೆ ಬಂತು. ಮೇಲಿನ ಓಣಿಯ ನಳಗಳು ಬುಸ್ಸೆಂದು ಗಾಳಿ ಉಗುಳಿ ಸುಮ್ಮನಾದವು. ವಾರ ಕಳೆಯುವುದರೊಳಗೆ, ಗುಲಾಲು ಎರಚಿದ್ದವರೇ ಖಾಲಿ ಕೊಡ ತಂದು ಪಂಚಾಯಿತಿ ಮುಂದೆ ಸಾಲಾಗಿ ಇಟ್ಟರು.

ಬಸವಂತನಿಗೆ ತಲೆಬುಡ ತಿಳಿಯಲಿಲ್ಲ. ಮೊದಲೂ ಹೂಂ ಅಂದಿದ್ದ, ಈಗಲೂ ಹೂಂ ಅಂದಿದ್ದಾನೆ. ಆಗ ಅಪ್ಪಿಕೊಂಡ ಜನ ಈಗೇಕೆ ಶಪಿಸುತ್ತಾರೆ? ನಾಚಿಕೆ ಬಿಟ್ಟು ಅಣ್ಣಾಸಾಬರ ಮನೆಗೆ ಹೋದ.

“ನೀವು ಹೆಂಗ ಮಾಡ್ತಿದ್ರಿ, ಕಾಕಾ?”

ಅಡಕೆ ಕತ್ತರಿಸುತ್ತಿದ್ದ ಅಣ್ಣಾಸಾಬರು ತಲೆ ಎತ್ತಲಿಲ್ಲ. “ಪಾಳಿ ಇಲ್ಲದವ್ರಿಗಿ ಇವತ್ತ ನೀರ ಇಲ್ಲ ಅಂತಿದ್ನಿ. ಬೈತಿದ್ರು. ಬೈಸ್ಕೋತಿದ್ನಿ.”

“ಅದಕ್ಕ ಸೋತ್ರಿ.”

“ಸೋತ್ನಿ. ನೀರ ಮಾತ್ರ ಬರ್ತಿದ್ದುವು.”

ಇವತ್ತು ಕೆಳಗಿನ ಓಣಿಗಷ್ಟೇ ಬಿಡು ಎಂದು ಬಸವಂತ ಜಕ್ಕಪ್ಪನಿಗೆ ಹೇಳಿದ. ಮೇಲಿನ ಓಣಿಗೆ ತಾನೇ ಹೋಗಿ ತಿಳಿಸಬೇಕು. ಮೊದಲ ಮನೆ ಭೀಮಾಬಾಯಿಯದು. ಅವನ ಗೆಲುವಿಗಾಗಿ ಮನೆಮನೆ ತಿರುಗಿದ ಮುದುಕಿ. ಒಳಗೆ ಮಗಳು ರಾಜೇಶ್ವರಿ ಹಸಿ ಬಾಣಂತಿ. ‘ಇವತ್ತ ಇಲ್ಲ, ನಾಳೆ’ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ಹೋದ.

“ಬಾ ನನ್ನಪ್ಪಾ,” ಮುದುಕಿ ಅವನ ಗಲ್ಲ ಸವರಿ ಲಟಿಕೆ ಮುರಿದಳು. “ಕೂಸಿಗಿ ಎರೀಬೇಕು. ಇವತ್ತರೆ ನೀರ ಬರ್ತಾವಿಲ್ಲೋ?”

ಬಸವಂತ ಬಾಯಿ ತೆರೆದ. ಆ ಮುಖ ನೋಡಿದ.

“ಬರ್ತಾವ ಬಿಡಬೇ.”

ಅಂದವನು ತಾನೇ ಹೌದೋ ಅಲ್ಲವೋ ಎಂದು ಅವನಿಗೇ ಗಲಿಬಿಲಿಯಾಯಿತು. ತಿದ್ದಿ ಹೇಳಬೇಕು ಅನ್ನುವಷ್ಟರಲ್ಲಿ ಮುದುಕಿ ಒಳಗೆ ಹೋಗಿಬಿಟ್ಟಿದ್ದಳು. ಹೊಸ ನೀರು ಬರುವ ದಿನ ಹಳೆಯ ನೀರನ್ನು ಆ ಊರಿನ ಯಾವ ಹೆಂಗಸೂ ಇಟ್ಟುಕೊಳ್ಳುವುದಿಲ್ಲ. ಬಾಣಂತಿಗೆಂದು ಉಳಿಸಿಟ್ಟಿದ್ದ ಅರ್ಧ ಹಂಡೆ ನೀರನ್ನು ಅವಳು ಅಂಗಳಕ್ಕೆ ಎಳೆದು ತಂದು, ಅವನ ಕಣ್ಣೆದುರೇ ಬಗ್ಗಿಸಿ ಚೆಲ್ಲಿ, ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕತೊಡಗಿದಳು. ನೀರು ಬಸವಂತನ ಚಪ್ಪಲಿ ತೋಯಿಸಿ ರಸ್ತೆಗೆ ಹರಿಯಿತು.

“ಮುಂದಿನ ಸಲಾನೂ ನನ್ನ ಓಟ ನಿನಗ,” ಅಂದಳು.